ಕಡಲಿಲ್ಲದ ಸೀಮೆಯಲ್ಲಿ ಕಡಲ ನೀರಿನ ರಸಾಯನವನ್ನು ಅಭ್ಯಾಸ ಮಾಡುವ ಬಗೆ

ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕಡೆಯ ಪದವಿಪೂರ್ವ ಹಾಗೂ ಪದವಿ ವಿದ್ಯಾರ್ಥಿಗಳು ರಸಾಯನಶಾಸ್ತ್ರದ ಪ್ರಾಜೆಕ್ಟಿಗೆಂದು ನೀರನ್ನು ಆರಿಸಿಕೊಂಡರೆ ಅದು ಬಹುಮಟ್ಟಿಗೆ ಬೋರ್‌ವೆಲ್ ನೀರೇ ಆಗಿರುತ್ತದೆ, ಮತ್ತು ಫ್ಲೋರೈಡ್ ಅಳೆಯುವಲ್ಲಿಗೆ ಕೆಲಸ ಮುಗಿಯುತ್ತದೆ. ಸಮುದ್ರದ ನೀರನ್ನು ಯಾರೂ ಮುಟ್ಟುವುದಿಲ್ಲ, ಏಕೆಂದರೆ ಸಮುದ್ರ ಇಲ್ಲಿಲ್ಲ. ಈ ಹಿಂಜರಿಕೆ ಅನಗತ್ಯ. ಸಮುದ್ರದ ನೀರನ್ನು ಕಾಲೇಜಿನ ಪ್ರಯೋಗಶಾಲೆಯ ಮೇಜಿನ ಮೇಲೆಯೇ ತಯಾರಿಸಬಹುದು. ಹಾಗೆ ತಯಾರಿಸಿದ ನೀರಿನಲ್ಲಿ ಯಾವ ಉಪ್ಪನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ನಮ್ಮ ಕೈಯಲ್ಲಿರುವುದರಿಂದ, ಅಯಾನುಗಳು, ಎಂದರೆ ವಿದ್ಯುದಂಶ ಹೊತ್ತ ಕಣಗಳು, ಒಂದನ್ನೊಂದು ಹೇಗೆ ಹಿಡಿದುಕೊಂಡಿರುತ್ತವೆ ಎಂಬುದನ್ನು ನಿಜವಾದ ಸಮುದ್ರದಲ್ಲಿ ಕಾಣಲಾಗದಷ್ಟು ಸ್ಪಷ್ಟವಾಗಿ ಕಾಣಬಹುದು. ಕೆಳಗೆ ವಿವರಿಸಿರುವ ಕೆಲಸದ ತಿರುಳು ಇಷ್ಟೆ: ನೀರಿಗೆ ಎಷ್ಟು ಉಪ್ಪು ಹಾಕಿದೆವು ಎಂಬುದೊಂದರಿಂದಲೇ ಆ ನೀರಿನ ನಡವಳಿಕೆ ತೀರ್ಮಾನವಾಗುವುದಿಲ್ಲ, ಹಾಕಿದ್ದರಲ್ಲಿ ಎಷ್ಟು ಭಾಗ ಬಿಡಿಯಾಗಿ ಉಳಿದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಸಮುದ್ರದ ನೀರನ್ನು ಹೀಗೆ ಕೃತಕವಾಗಿ ತಯಾರಿಸಲು ಸಾಧ್ಯವಾಗಿರುವುದಕ್ಕೆ ಒಂದು ಆಧಾರವಿದೆ. 1872ರಿಂದ 1876ರವರೆಗೆ ಲೋಕ ಸುತ್ತಿದ ಚಾಲೆಂಜರ್ ಹಡಗು ಬೇರೆ ಬೇರೆ ಸಾಗರಗಳಿಂದ ತಂದ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞರು ವಿಶ್ಲೇಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಪ್ಪಿನ ಒಟ್ಟು ಪ್ರಮಾಣ ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದರೂ ಕ್ಲೋರೈಡ್, ಸೋಡಿಯಂ, ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಪರಸ್ಪರ ಅನುಪಾತ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಎಂಬುದು ಅದರಿಂದ ಖಚಿತವಾಯಿತು. ಅತ್ಯಲ್ಪ ಪ್ರಮಾಣದ ಧಾತುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕೆಜಿಎಫ್ ಇರುವ ಜಿಲ್ಲೆಯವರಿಗೆ ಕುತೂಹಲ ಹುಟ್ಟಿಸಬಹುದಾದ ಸಂಗತಿಯೆಂದರೆ, ಮೊದಲ ಮಹಾಯುದ್ಧದ ನಂತರ ಜರ್ಮನಿ ಕೊಡಬೇಕಾಗಿದ್ದ ಯುದ್ಧ ಪರಿಹಾರವನ್ನು ತೀರಿಸಲೆಂದು ಫ್ರಿಟ್ಜ್ ಹಾಬರ್ ಸಮುದ್ರದ ನೀರಿನಿಂದ ಚಿನ್ನ ತೆಗೆಯಲು ಹೊರಟು, ಇರುವ ಚಿನ್ನ ತಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಎಂದು ತಿಳಿದು ಕೈಬಿಟ್ಟರು.

ನೀರಿನ ಆಯ್ಕೆ

ಎಲ್ಲಕ್ಕಿಂತ ಮೊದಲು ನೀರನ್ನು ಸರಿಯಾಗಿ ಆರಿಸಿಕೊಳ್ಳಬೇಕು. ನಲ್ಲಿಯ ನೀರಿನಲ್ಲಿ ಈ ಪ್ರಯೋಗ ಮಾಡಬಾರದು. ಸಮುದ್ರದ ನೀರಿನ ಕ್ಷಾರೀಯತೆ, ಎಂದರೆ ಆಮ್ಲವನ್ನು ತಾಳಿಕೊಳ್ಳುವ ಶಕ್ತಿ, ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 115ರಿಂದ 120 ಮಿಲಿಗ್ರಾಂ. ನಮ್ಮ ಗ್ರಾನೈಟ್ ನೆಲದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು 200 ದಾಟಿರುತ್ತದೆ. ಫ್ಲೋರೈಡ್ ವಿಷಯದಲ್ಲಿಯೂ ಹಾಗೆಯೇ. ಸಮುದ್ರದಲ್ಲಿ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಇದ್ದರೆ, ಬಾಗೇಪಲ್ಲಿ, ಪಾವಗಡದ ಕಡೆ 1.5 ಮೀರಿದ ಬೋರ್‌ವೆಲ್‌ಗಳಿವೆ. ಇಂಥ ನೀರಿಗೆ ಉಪ್ಪು ಬೆರೆಸಿದರೆ ಬರುವುದು ಉಪ್ಪಾದ ಬೋರ್‌ವೆಲ್ ನೀರೇ ಹೊರತು ಸಮುದ್ರದ ನೀರಲ್ಲ. ಕಾಲೇಜಿನಲ್ಲಿ ಡಿಸ್ಟಿಲ್ಡ್ ವಾಟರ್ ಇದ್ದರೆ ಅದನ್ನು ಬಳಸಬೇಕು. ಇಲ್ಲದಿದ್ದರೆ ವಾಹನಗಳ ಬ್ಯಾಟರಿಗೆ ಹಾಕಲು ಅಂಗಡಿಯಲ್ಲಿ ಮಾರುವ ನೀರು ಆದೀತು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಅನಿವಾರ್ಯವಾದಾಗ ಬಳಸಬಹುದಾದರೂ, ಅದರಲ್ಲಿ ಸ್ವಲ್ಪ ಬೈಕಾರ್ಬನೇಟ್ ಉಳಿದೇ ಇರುವುದರಿಂದ ಅದರ ಕ್ಷಾರೀಯತೆಯನ್ನು ಮೊದಲೇ ಅಳೆದು ಬರೆದಿಟ್ಟುಕೊಳ್ಳುವುದು ಕಡ್ಡಾಯ.

ಒಂದು ಕಿಲೋ ಸಮುದ್ರ

ಸಮುದ್ರದ ನೀರನ್ನು ಲೀಟರ್ ಲೆಕ್ಕಕ್ಕಿಂತ ಕಿಲೋ ಲೆಕ್ಕದಲ್ಲಿ ತಯಾರಿಸುವುದು ಈ ಕ್ಷೇತ್ರದ ವಾಡಿಕೆ. ತಾಪಮಾನ ಬದಲಾದರೆ ಗಾತ್ರ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ಅಡುಗೆಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಜೊತೆಗೆ ಗಂಟುಕಟ್ಟದಂತೆ ಬೆರೆಸಿದ ವಸ್ತುವೂ ಇರುತ್ತದೆ, ಕಲ್ಲುಪ್ಪಿನಲ್ಲಿ ಮೆಗ್ನೀಷಿಯಂ ಉಳಿದಿರುತ್ತದೆ. ಆದ್ದರಿಂದ ಪ್ರಯೋಗಶಾಲೆಯ ದರ್ಜೆಯ ಲವಣಗಳೇ ಬೇಕು. ಚಿನ್ನದಂಗಡಿಯಲ್ಲಿರುವಂಥ, 0.01 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಸಾಕು.

ಸುಮಾರು 700 ಗ್ರಾಂ ನೀರಿನಲ್ಲಿ 23.93 ಗ್ರಾಂ ಸೋಡಿಯಂ ಕ್ಲೋರೈಡ್, ನೀರಿನಂಶವಿಲ್ಲದ ಸೋಡಿಯಂ ಸಲ್ಫೇಟ್ 4.01 ಗ್ರಾಂ ಮತ್ತು ಪೊಟ್ಯಾಸಿಯಂ ಕ್ಲೋರೈಡ್ 0.68 ಗ್ರಾಂ ಕರಗಿಸಬೇಕು. ಇನ್ನೊಂದು ಬೀಕರಿನಲ್ಲಿ 100 ಗ್ರಾಂ ನೀರು ತೆಗೆದುಕೊಂಡು 10.83 ಗ್ರಾಂ ಮೆಗ್ನೀಷಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಹಾಗೂ 1.52 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿ, ಕಲಕುತ್ತಾ ಮೊದಲಿನ ದ್ರಾವಣಕ್ಕೆ ಸೇರಿಸಬೇಕು. ಈ ಎರಡು ಲವಣಗಳು ಗಾಳಿಯ ತೇವವನ್ನು ಹೀರಿ ನೋಡನೋಡುತ್ತಿದ್ದಂತೆ ಒದ್ದೆಯಾಗುತ್ತವೆ. ಡಬ್ಬಿ ತೆರೆದ ಕೂಡಲೇ ತೂಗಿ ಮುಚ್ಚಬೇಕು, ಆಗಲೇ ಒದ್ದೆಯಾಗಿ ಮುದ್ದೆಗಟ್ಟಿದ್ದನ್ನು ಬಳಸಲೇಬಾರದು.

ಉಳಿದ ಎರಡು ವಸ್ತುಗಳು ತೀರ ಕಡಿಮೆ ಪ್ರಮಾಣದಲ್ಲಿ ಬೇಕಾಗಿದ್ದು, ಅವನ್ನು ನೇರವಾಗಿ ತೂಗಿದರೆ ತಕ್ಕಡಿಯ ತಪ್ಪೇ ದೊಡ್ಡದಾಗುತ್ತದೆ. ಹಾಗಾಗಿ 1.96 ಗ್ರಾಂ ಸೋಡಿಯಂ ಬೈಕಾರ್ಬನೇಟನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರಿಗೆ ತುಂಬಿ, ಅದರಿಂದ ಪಿಪೆಟ್ಟಿನಲ್ಲಿ 10 ಮಿಲಿಲೀಟರ್ ತೆಗೆಯಬೇಕು. ಬೋರಿಕ್ ಆಮ್ಲಕ್ಕೂ ಇದೇ ಕ್ರಮ, 0.26 ಗ್ರಾಮನ್ನು 100 ಮಿಲಿಲೀಟರಿಗೆ ಕರಗಿಸಿ 10 ಮಿಲಿಲೀಟರ್ ತೆಗೆದರಾಯಿತು. ಬೈಕಾರ್ಬನೇಟನ್ನು ಎಲ್ಲಕ್ಕಿಂತ ಕೊನೆಗೆ, ಹೆಚ್ಚಿನ ನೀರೆಲ್ಲ ಸೇರಿದ ಮೇಲೆ ಹಾಕಬೇಕು. ಗಟ್ಟಿಯಾದ ಕ್ಯಾಲ್ಸಿಯಂ ದ್ರಾವಣಕ್ಕೆ ಮೊದಲೇ ಹಾಕಿದರೆ ಬಿಳಿಯ ಕಾರ್ಬನೇಟ್ ಒತ್ತರಿಸಿಬಿಡುತ್ತದೆ, ಎಂದರೆ ಕರಗದ ಪುಡಿಯಾಗಿ ಬೇರ್ಪಡುತ್ತದೆ. ಕೊನೆಯಲ್ಲಿ ಒಟ್ಟು ತೂಕ 1000 ಗ್ರಾಂ ಆಗುವಷ್ಟು ನೀರು ಬೆರೆಸಬೇಕು. ಬ್ರೋಮೈಡ್, ಸ್ಟ್ರಾನ್ಷಿಯಂ, ಫ್ಲೋರೈಡ್‌ಗಳನ್ನು ಈ ಕೆಲಸದ ಮಟ್ಟಿಗೆ ಬಿಡಬಹುದು.

ಕ್ಷಾರೀಯತೆಯ ಪರೀಕ್ಷೆ

ನೀರಿನಲ್ಲಿ ಬೈಕಾರ್ಬನೇಟ್ ಸರಿಯಾಗಿ ಉಳಿದಿದೆಯೇ ಎಂದು ತಿಳಿಯಲು ಟೈಟ್ರೇಷನ್, ಎಂದರೆ ಅಳೆದು ಆಮ್ಲ ಬಿಡುವ ಪರೀಕ್ಷೆ, ಒಂದೇ ಸಾಕು. 50 ಮಿಲಿಲೀಟರ್ ನೀರಿಗೆ ಮೀಥೈಲ್ ಆರೆಂಜ್ ಹಾಕಿ 0.02 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಬ್ಯೂರೆಟ್ಟಿನಿಂದ ಬಿಡುತ್ತಾ ಹೋದರೆ, ಸುಮಾರು 6 ಮಿಲಿಲೀಟರ್ ಆಗುವಾಗ ಹಳದಿ ಬಣ್ಣ ಕಿತ್ತಳೆಗೆ ತಿರುಗಬೇಕು. 5.5ಕ್ಕಿಂತ ಕಡಿಮೆಯಾದರೆ ಬೈಕಾರ್ಬನೇಟ್ ಎಲ್ಲೋ ಕಳೆದುಹೋಗಿದೆ ಎಂದೇ ಅರ್ಥ. ಪಾತ್ರೆಯ ತಳದಲ್ಲಿ ಬಿಳಿಯ ಪುಡಿ ಕೂತಿದೆಯೇ ಎಂದು ನೋಡಬೇಕು. ಆಮ್ಲದ ಸಾಂದ್ರತೆಯನ್ನು ಒಣಗಿಸಿದ ಸೋಡಿಯಂ ಕಾರ್ಬನೇಟಿನಿಂದ ಖಚಿತಪಡಿಸಿಕೊಂಡಿರಬೇಕು, ಸೀಸೆಯ ಚೀಟಿಯನ್ನು ನಂಬಬಾರದು. ಜೊತೆಯಲ್ಲಿಯೇ ಮನೆಯ ಬೋರ್‌ವೆಲ್ ನೀರನ್ನೂ ಇದೇ ರೀತಿ ಪರೀಕ್ಷಿಸಿದರೆ ಅದು ಸಮುದ್ರಕ್ಕಿಂತ ಹೆಚ್ಚು ಆಮ್ಲ ಕುಡಿಯುವುದನ್ನು ಅನೇಕರು ಕಾಣುವರು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಬಂಗಾಳ ಕೊಲ್ಲಿಗೆ ಸೇರುವ ಪಾಲಾರ್ ಮತ್ತು ಉತ್ತರ, ದಕ್ಷಿಣ ಪಿನಾಕಿನಿಗಳು ಹರಿದ ವರ್ಷಗಳಲ್ಲಿ ಕಡಲಿಗೆ ಒಯ್ಯುವುದು, ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಬಂಡೆಯನ್ನು ಕೊರೆದು ಮಾಡಿದ ಇದೇ ಬೈಕಾರ್ಬನೇಟನ್ನು.

ಸಂಶೋಧನಾಲಯಗಳಲ್ಲಿ ಬಣ್ಣವನ್ನು ನೆಚ್ಚದೆ, ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) 3.5ರಿಂದ 3ರವರೆಗೆ ಆಮ್ಲ ಹಾಕುತ್ತಾ ಅಳತೆ ಬರೆದುಕೊಂಡು ಗ್ರಾನ್ ಎಂಬುವರು 1952ರಲ್ಲಿ ಸೂಚಿಸಿದ ಲೆಕ್ಕದ ಕ್ರಮವನ್ನು ಅನುಸರಿಸುತ್ತಾರೆ. ಪಿಎಚ್ ಮೀಟರ್ ಇರುವ ಕಾಲೇಜುಗಳವರು ಅದನ್ನೂ ಪ್ರಯತ್ನಿಸಬಹುದು.

ಎರಡು ಬಾಟಲಿಗಳ ಪ್ರಯೋಗ

ಇದೇ ಈ ಕೆಲಸದ ಮುಖ್ಯ ಭಾಗ. ಒಂದು ಬಾಟಲಿಯಲ್ಲಿ ಮೇಲೆ ಹೇಳಿದ ಸಮುದ್ರದ ನೀರು ಇರಲಿ. ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರಿಗೆ ಅದೇ ಬೈಕಾರ್ಬನೇಟ್ ದ್ರಾವಣವನ್ನು ಮಾತ್ರ, ಕಿಲೋಗೆ 10 ಮಿಲಿಲೀಟರಿನಂತೆ, ಹಾಕಿ ಇಡಬೇಕು. ಎರಡರಲ್ಲೂ ಬೈಕಾರ್ಬನೇಟ್ ಒಂದೇ ಅಳತೆ, ಕ್ಷಾರೀಯತೆಯೂ ಒಂದೇ. ಮೀನಿನ ತೊಟ್ಟಿಗೆ ಬಳಸುವ ಚಿಕ್ಕ ಏರ್ ಪಂಪಿನ ಕೊಳವೆಯನ್ನು ಕವಲು ಮಾಡಿ ಎರಡಕ್ಕೂ ಒಂದೇ ಗಾಳಿಯನ್ನು ರಾತ್ರಿಯಿಡೀ ಹಾಯಿಸಬೇಕು.

ಗಾಳಿ ಎಲ್ಲಿಂದ ಬರುತ್ತದೆ ಎಂಬುದರ ಕಡೆ ಗಮನ ಅಗತ್ಯ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಈಗ 420 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 420 ಭಾಗಕ್ಕಿಂತ) ಸ್ವಲ್ಪ ಹೆಚ್ಚಿದೆ, ಮಕ್ಕಳು ತುಂಬಿದ, ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಅದು 1000 ದಾಟುವುದು ಸಾಮಾನ್ಯ. ಡೈಆಕ್ಸೈಡ್ ಇಮ್ಮಡಿಯಾದರೆ ಸಮುದ್ರದ ನೀರಿನ ಪಿಎಚ್ ಹತ್ತಿರ ಹತ್ತಿರ 0.3 ಇಳಿಯುವುದರಿಂದ, ಪಂಪನ್ನು ಕಿಟಕಿಯ ಹೊರಗಿನ ಗಾಳಿ ಎಳೆಯುವಂತೆ ಇಡದಿದ್ದರೆ ಫಲಿತಾಂಶವೇ ಬೇರೆಯಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಒಣಗಾಳಿ ರಾತ್ರಿಯೊಳಗೆ ನೀರನ್ನು ಆವಿಯಾಗಿಸಿ ಉಪ್ಪನ್ನು ಗಟ್ಟಿ ಮಾಡುತ್ತದೆ. ಅದನ್ನು ತಪ್ಪಿಸಲು ಗಾಳಿಯನ್ನು ಮೊದಲು ಸಾದಾ ಡಿಸ್ಟಿಲ್ಡ್ ವಾಟರಿನ ಸೀಸೆಯೊಂದರಲ್ಲಿ ಹಾಯಿಸಿ ತೇವ ಮಾಡಿಕೊಳ್ಳಬೇಕು.

ತಯಾರಿಸಿದ ಗಳಿಗೆಯಲ್ಲಿ ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಕೆಳಗಿದ್ದು ಗಾಳಿ ಹಾಯಿಸಿದಂತೆ ಮೇಲೇರುತ್ತದೆ. ಗಾಳಿಯಲ್ಲಿನ ಡೈಆಕ್ಸೈಡ್ ಆಮ್ಲೀಯತೆಯನ್ನು ಹೆಚ್ಚಿಸಬೇಕಲ್ಲವೇ ಎಂದು ವಿದ್ಯಾರ್ಥಿಗಳು ಇಲ್ಲಿ ಗೊಂದಲಕ್ಕೆ ಬೀಳುವುದುಂಟು. ಬೈಕಾರ್ಬನೇಟ್ ಕರಗಿದಾಗ ಅದರ ಒಂದು ಪಾಲು ಒಡೆದು ಉಂಟಾದ ಡೈಆಕ್ಸೈಡ್ ನೀರಿನಲ್ಲಿ ಗಾಳಿಗಿಂತ ಹೆಚ್ಚಾಗಿಯೇ ಇರುತ್ತದೆ, ಗಾಳಿಯ ಗುಳ್ಳೆಗಳು ಅದನ್ನು ಹೊರಗೆ ಸಾಗಿಸುತ್ತವೆ. ಬೆಳಿಗ್ಗೆ ಎರಡು ಬಾಟಲಿಗಳ ಪಿಎಚ್ ಓದಿದರೆ, ಸಾದಾ ನೀರಿನದು 8.5ರ ಆಸುಪಾಸಿನಲ್ಲಿಯೂ ಸಮುದ್ರದ ನೀರಿನದು 8.1ರಿಂದ 8.2ರ ನಡುವೆಯೂ ನಿಂತಿರಬೇಕು. ಬೈಕಾರ್ಬನೇಟ್ ಅದೇ, ಗಾಳಿ ಅದೇ; ವ್ಯತ್ಯಾಸವಿರುವುದು, ಬೋರಿಕ್ ಆಮ್ಲದ ಸಣ್ಣ ಪಾಲನ್ನು ಬಿಟ್ಟರೆ, ಸುತ್ತ ನೆರೆದಿರುವ ಉಪ್ಪಿನ ಅಯಾನುಗಳಲ್ಲಿ.

ಪಿಎಚ್ ಪೆನ್ನಿನ, ಎಂದರೆ ಪೆನ್ನಿನಾಕಾರದ ಚಿಕ್ಕ ಪಿಎಚ್ ಮೀಟರಿನ, ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ 4, 6.86 ಮತ್ತು 9.18ರ ಬಫರ್ (ಪಿಎಚ್ ಗೊತ್ತಿರುವ, ಮೀಟರ್ ಹೊಂದಿಸಲು ಬಳಸುವ) ಪುಡಿಗಳ ದ್ರಾವಣದಲ್ಲಿ ಉಪ್ಪು ಕಡಿಮೆ, ಸಮುದ್ರದಲ್ಲಿ ಹೆಚ್ಚು. ಅವುಗಳಿಂದ ಹೊಂದಿಸಿದ ಎಲೆಕ್ಟ್ರೋಡ್ ಉಪ್ಪುನೀರಿಗೆ ಇಳಿದಾಗ ಅದರ ಸಂಧಿಯ ವಿಭವ ಬದಲಾಗಿ ಸ್ವಲ್ಪ ತಪ್ಪು ಓದುತ್ತದೆ. ಎಲೆಕ್ಟ್ರೋಡನ್ನು ಅಳೆಯಬೇಕಾದ ನೀರಿನಲ್ಲಿಯೇ ತೊಳೆದು, ಅಂಕಿ ನಿಲ್ಲುವವರೆಗೆ ಕೆಲವು ನಿಮಿಷ ಕಾದು ಓದಬೇಕು. ಎರಡನೆಯ ದಶಾಂಶ ಸ್ಥಾನಕ್ಕೆ ಬೆಲೆ ಕೊಡಬಾರದು. ವರದಿಯಲ್ಲಿ ಯಾವ ಬಫರ್ ಬಳಸಲಾಯಿತು ಎಂಬುದನ್ನು ಬರೆಯದ ಪಿಎಚ್‌ಗೆ ಸಾಗರ ವಿಜ್ಞಾನದಲ್ಲಿ ಅರ್ಥವಿಲ್ಲ. ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಸಾಗರದ ಮೇಲ್ಪದರದ ಪಿಎಚ್ ಇಳಿದಿರುವುದೇ ಸುಮಾರು 0.1, ಅಷ್ಟು ಇಳಿದರೆ ಹೈಡ್ರೋಜನ್ ಅಯಾನುಗಳು ನೂರಕ್ಕೆ ಇಪ್ಪತ್ತೈದರಿಂದ ಮೂವತ್ತರಷ್ಟು ಏರಿದಂತೆ. ಅಂಥದ್ದನ್ನು ಹಿಡಿಯಲು ಸಂಶೋಧಕರು ಬಣ್ಣದ ಸೂಚಕವನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆಯುತ್ತಾರೆ, ಪೆನ್ನನ್ನು ನೆಚ್ಚುವುದಿಲ್ಲ. ನಮ್ಮ ಎರಡು ಬಾಟಲಿಗಳ ವ್ಯತ್ಯಾಸವಾದರೋ 0.3ರ ಮೇಲಿರುವುದರಿಂದ ಸರಿಯಾಗಿ ಹೊಂದಿಸಿದ ಪೆನ್ನಿಗೂ ಕಾಣಿಸುತ್ತದೆ.

ವ್ಯತ್ಯಾಸ ಬರುವುದೇಕೆ ಎಂಬುದನ್ನು ಪ್ರಾಜೆಕ್ಟಿನ ಪುಸ್ತಕದಲ್ಲಿ ಲೆಕ್ಕ ಮಾಡಿ ತೋರಿಸಬೇಕು. ನಿರ್ವಾತದಲ್ಲಿ ಒಂದು ಸೋಡಿಯಂ ಅಯಾನು ಮತ್ತು ಒಂದು ಕ್ಲೋರೈಡ್ ಅಯಾನು 0.28 ನ್ಯಾನೋಮೀಟರ್ ದೂರದಲ್ಲಿದ್ದರೆ ಕೂಲಂಬ್ ನಿಯಮದ ಪ್ರಕಾರ ಅವುಗಳ ಆಕರ್ಷಣೆಯ ಶಕ್ತಿ ಸುಮಾರು 5.1 ಎಲೆಕ್ಟ್ರಾನ್ ವೋಲ್ಟ್. ನೀರು ಈ ಬಲವನ್ನು ಸುಮಾರು 80 ಪಟ್ಟು ತಗ್ಗಿಸುವುದರಿಂದ ಉಳಿಯುವುದು 0.064. ಕೊಠಡಿಯ ತಾಪದಲ್ಲಿ ಅಣುಗಳ ಓಲಾಟದ ಶಕ್ತಿ 0.025 ಎಲೆಕ್ಟ್ರಾನ್ ವೋಲ್ಟ್. ಹೀಗೆ ಆಕರ್ಷಣೆ ಮತ್ತು ಓಲಾಟ ಬಲಾಬಲದಲ್ಲಿ ಹತ್ತಿರವಿರುವುದರಿಂದ ಅಯಾನುಗಳು ಗಟ್ಟಿಯಾಗಿ ಅಂಟಿಕೊಳ್ಳುವುದೂ ಇಲ್ಲ, ಪೂರ್ತಿ ಸ್ವತಂತ್ರವಾಗಿಯೂ ಇರುವುದಿಲ್ಲ; ಪ್ರತಿಯೊಂದರ ಸುತ್ತ ವಿರುದ್ಧ ವಿದ್ಯುದಂಶದ ಅಯಾನುಗಳು ತುಸು ಹೆಚ್ಚಾಗಿ ನೆರೆದಿರುತ್ತವೆ. ಹೀಗೆ ಸುತ್ತ ನೆರೆದ ಅಯಾನುಗಳ ಮೋಡದ ದಪ್ಪವನ್ನು ಲೆಕ್ಕ ಹಾಕುವ ಸೂತ್ರವನ್ನು ಡಿಬೈ ಮತ್ತು ಹ್ಯೂಕೆಲ್ 1923ರಲ್ಲಿ ಕೊಟ್ಟರು. ನೀರಿನಲ್ಲಿ 25 ಡಿಗ್ರಿ ತಾಪದಲ್ಲಿ, 0.304ನ್ನು ಅಯಾನಿಕ ಬಲದ ವರ್ಗಮೂಲದಿಂದ ಭಾಗಿಸಿದರೆ ನ್ಯಾನೋಮೀಟರಿನಲ್ಲಿ ಉತ್ತರ ಬರುತ್ತದೆ. ಅಯಾನಿಕ ಬಲವೆಂದರೆ ಪ್ರತಿ ಅಯಾನಿನ ಸಾಂದ್ರತೆಯನ್ನು ಅದರ ವಿದ್ಯುದಂಶದ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಅರ್ಧ ಮಾಡಿದ್ದು. ನಮ್ಮ ಪಾಕಕ್ಕೆ ಅದು 0.7 ಬರಬೇಕು, ಬರದಿದ್ದರೆ ತೂಕದ ಪಟ್ಟಿಯಲ್ಲಿ ತಪ್ಪಿದೆ. ಆಗ ಮೋಡದ ದಪ್ಪ 0.36 ನ್ಯಾನೋಮೀಟರ್, ಒಂದು ನೀರಿನ ಅಣುವಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಅಯಾನಿಕ ಬಲ 0.01 ಇರುವ ಬೋರ್‌ವೆಲ್ ನೀರಿನಲ್ಲಿ ಅದು 3 ನ್ಯಾನೋಮೀಟರ್.

ಹೀಗೆ ಬಿಗಿಯಾಗಿ ಸುತ್ತುವರಿದ ಸ್ಥಿತಿಯಲ್ಲಿ ಹೈಡ್ರೋಜನ್, ಬೈಕಾರ್ಬನೇಟ್, ಕಾರ್ಬನೇಟ್ ಅಯಾನುಗಳ ಶಕ್ತಿ ತಗ್ಗುವುದರಿಂದ ಕಾರ್ಬಾನಿಕ್ ಆಮ್ಲ ಸಿಹಿನೀರಿಗಿಂತ ಸುಲಭವಾಗಿ ಒಡೆದು ಹೈಡ್ರೋಜನ್ ಅಯಾನು ಬಿಡುತ್ತದೆ, ಪಿಎಚ್ ಇಳಿಯುವುದು ಇದರಿಂದಲೇ. ಒಡೆಯುವಿಕೆಯ ಮೊದಲ ಹಂತದ ಸ್ಥಿರಾಂಕ ಸುಮಾರು ಮೂರು ಪಟ್ಟು ಹೆಚ್ಚುತ್ತದೆ. ಎರಡನೆಯ ಹಂತದಲ್ಲಿ ಹುಟ್ಟುವ ಕಾರ್ಬನೇಟಿಗೆ ಎರಡು ಋಣ ವಿದ್ಯುದಂಶಗಳಿದ್ದು, ಮೆಗ್ನೀಷಿಯಂ, ಕ್ಯಾಲ್ಸಿಯಂ, ಸೋಡಿಯಂಗಳು ಅದನ್ನು ಜೋಡಿಯಾಗಿಯೇ ಹಿಡಿದುಕೊಳ್ಳುವುದರಿಂದ ಆ ಸ್ಥಿರಾಂಕ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಏರುತ್ತದೆ. ಇಲ್ಲೊಂದು ಮಾತು ಸೇರಿಸಬೇಕು: ಮೋಡದ ದಪ್ಪ ಅಯಾನಿನ ಗಾತ್ರಕ್ಕೇ ಸಮೀಪಿಸಿದಾಗ 1923ರ ಸೂತ್ರದ ಊಹೆಗಳು ಕುಸಿಯುತ್ತವೆ. ಸಮುದ್ರದ ನೀರಿನ ಸಕ್ರಿಯತಾ ಗುಣಾಂಕಗಳನ್ನು, ಎಂದರೆ ಅಯಾನುಗಳ ಶಕ್ತಿ ಎಷ್ಟು ತಗ್ಗಿದೆ ಎಂದು ತೋರಿಸುವ ಅಂಕಿಗಳನ್ನು, ಅದರಿಂದ ಲೆಕ್ಕ ಮಾಡಿ ಬರೆದರೆ ಪರೀಕ್ಷಕರು ಒಪ್ಪಿದರೂ ಉತ್ತರ ತಪ್ಪೇ. ಇಂಥ ಗಟ್ಟಿ ದ್ರಾವಣಗಳಿಗೆ ಕೆನೆತ್ ಪಿಟ್ಜರ್ 1973ರಲ್ಲಿ ರೂಪಿಸಿದ ಸಮೀಕರಣಗಳು ಬೇಕಾಗುತ್ತವೆ.

ಮೆಗ್ನೀಷಿಯಂ ಇದ್ದರೆ, ಇಲ್ಲದಿದ್ದರೆ

ಗಡಸು ನೀರು ಕಾಯಿಸಿದ ಹಂಡೆಯ ಒಳಗೆ, ಗೀಸರಿನ ಕಾಯಿಲಿಗೆ ಬಿಳಿಯ ಪದರ ಕಟ್ಟುವುದು ನಮ್ಮಲ್ಲಿ ಎಲ್ಲರೂ ಕಂಡದ್ದೇ. ಸಮುದ್ರದಲ್ಲಿ ಕಿಲೋಗೆ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಮೇಲ್ಪದರದ ನೀರು ಕ್ಯಾಲ್ಸಿಯಂ ಕಾರ್ಬನೇಟಿನ ಮಟ್ಟಿಗೆ ಅತಿಪೂರಿತವಾಗಿದ್ದರೂ, ಎಂದರೆ ಕರಗಿರಬಹುದಾದದ್ದಕ್ಕಿಂತ ಹೆಚ್ಚು ಹಿಡಿದಿದ್ದರೂ, ಅದು ತಾನಾಗಿ ಒತ್ತರಿಸುವುದಿಲ್ಲ. ಚಿಪ್ಪು ಕಟ್ಟುವ ಜೀವಿಗಳು ಮುತುವರ್ಜಿ ವಹಿಸಿ ಅದನ್ನು ಹೊರತೆಗೆಯಬೇಕಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಮೆಗ್ನೀಷಿಯಂ.

ಪರೀಕ್ಷಿಸಲು ಎರಡನೆಯ ಪಾಕವೊಂದನ್ನು ತಯಾರಿಸಬೇಕು. ಅದರಲ್ಲಿ ಮೆಗ್ನೀಷಿಯಂ ಕ್ಲೋರೈಡನ್ನು ಪೂರ್ತಿ ಬಿಟ್ಟು, ಅಯಾನಿಕ ಬಲ ಬದಲಾಗದಿರಲೆಂದು 9.34 ಗ್ರಾಂ ಸೋಡಿಯಂ ಕ್ಲೋರೈಡನ್ನು ಹೆಚ್ಚುವರಿಯಾಗಿ ಹಾಕಬೇಕು. ಈ ಹೆಚ್ಚುವರಿ ಉಪ್ಪನ್ನು ಮರೆತರೆ ಮೆಗ್ನೀಷಿಯಮ್ಮಿನ ಪರಿಣಾಮ ಯಾವುದು, ಬರಿಯ ಮೋಡದ ಪರಿಣಾಮ ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಎರಡೂ ನೀರನ್ನು ಒಂದೇ ಬಗೆಯ ಗಾಜಿನ ಬೀಕರುಗಳಲ್ಲಿ 100 ಮಿಲಿಲೀಟರಿನಂತೆ ತೆಗೆದುಕೊಂಡು, ಹಿಂದೆ ಕಪ್ಪು ಕಾಗದ ಹಿಡಿದು, ತೆಳುವಾದ ಸೋಡಿಯಂ ಕಾರ್ಬನೇಟ್ ದ್ರಾವಣವನ್ನು ಕಲಕುತ್ತಾ ಹನಿಹನಿಯಾಗಿ ಬಿಡಬೇಕು. ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಬಿಳಿಯ ಎಳೆ ಮೂಡಿ ಮಾಯವಾದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ, ಕಲಕಿದ ಮೇಲೂ ಉಳಿಯುವ ಮಸುಕನ್ನು ಮಾತ್ರ ಗುರುತಿಸಿ, ಎಷ್ಟು ಮಿಲಿಲೀಟರಿಗೆ, ಎಷ್ಟು ನಿಮಿಷಕ್ಕೆ ಬಂತು ಎಂದು ಬರೆಯಬೇಕು. ಮೆಗ್ನೀಷಿಯಂ ಇಲ್ಲದ ನೀರು ಬೇಗ ಮಸುಕಾಗುತ್ತದೆ. ಇರುವ ನೀರು ಅದೇ ಅಳತೆಯಲ್ಲಿ ಇನ್ನೂ ತಿಳಿಯಾಗಿರುತ್ತದೆ.

ಎರಡು ಅಯಾನುಗಳಿಗೂ ಎರಡೆರಡು ಧನ ವಿದ್ಯುದಂಶ. ಆದರೆ ಮೆಗ್ನೀಷಿಯಂ ಅಯಾನಿನ ತ್ರಿಜ್ಯ 72 ಪಿಕೋಮೀಟರ್, ಕ್ಯಾಲ್ಸಿಯಮ್ಮಿನದು 100. ಚಿಕ್ಕದಾದ ಮೆಗ್ನೀಷಿಯಂ ತನ್ನ ಸುತ್ತಲಿನ ಆರು ನೀರಿನ ಅಣುಗಳನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂದರೆ, ಅವುಗಳಲ್ಲೊಂದು ಬಿಟ್ಟುಹೋಗಿ ಇನ್ನೊಂದು ಬರಲು ಮೈಕ್ರೋಸೆಕೆಂಡಿನಷ್ಟು ಕಾಲ ಬೇಕು. ಕ್ಯಾಲ್ಸಿಯಮ್ಮಿನಲ್ಲಿ ಈ ಅದಲುಬದಲು ಸಾವಿರ ಪಟ್ಟು ವೇಗವಾಗಿ ನಡೆಯುತ್ತದೆ. ಬೆಳೆಯುತ್ತಿರುವ ಹರಳಿನ ಮೇಲೆ ಕ್ಯಾಲ್ಸಿಯಂ ಕೂರಬೇಕಾದ ಜಾಗಕ್ಕೆ ನೀರನ್ನು ಕಳಚಿಕೊಳ್ಳದ ಮೆಗ್ನೀಷಿಯಂ ಬಂದು ತಡೆಯೊಡ್ಡುತ್ತದೆ, ಜೊತೆಗೆ ಕಾರ್ಬನೇಟಿನ ಒಂದು ಪಾಲನ್ನು ಜೋಡಿ ಮಾಡಿಕೊಂಡು ಬಿಡಿ ಕಾರ್ಬನೇಟನ್ನು ಕಡಿಮೆ ಮಾಡುತ್ತದೆ. ಮೆಗ್ನೀಷಿಯಂ ಮತ್ತು ಸಲ್ಫೇಟುಗಳ ಇಂಥದೇ ಜೋಡಿ ಸಮುದ್ರದಲ್ಲಿ ಸುಮಾರು 100 ಕಿಲೋಹರ್ಟ್ಸ್ ಆವರ್ತದ ಶಬ್ದವನ್ನು ಹೀರಿಕೊಳ್ಳುತ್ತದೆ. ಆ ಹೀರಿಕೆಯ ಕಾರಣವನ್ನು ಹುಡುಕಿದ ಮಾನ್‌ಫ್ರೆಡ್ ಐಗನ್ ಅತಿವೇಗದ ರಾಸಾಯನಿಕ ಕ್ರಿಯೆಗಳ ಅಧ್ಯಯನಕ್ಕಾಗಿ 1967ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಕಂಪ್ಯೂಟರ್ ಇದ್ದವರು ಉಚಿತವಾಗಿ ಸಿಗುವ ಗ್ರೋಮ್ಯಾಕ್ಸ್ ತಂತ್ರಾಂಶದಲ್ಲಿ ಇದನ್ನೇ ಅಣುಗಳ ಮಟ್ಟದಲ್ಲಿ ಲೆಕ್ಕ ಮಾಡಬಹುದು. ಸಮುದ್ರದಲ್ಲಿ ಸುಮಾರು ನೂರು ನೀರಿನ ಅಣುಗಳಿಗೆ ಒಂದು ಕ್ಲೋರೈಡ್ ಬರುವುದರಿಂದ, ಸಾವಿರ ನೀರಿನ ಅಣುಗಳ ಪೆಟ್ಟಿಗೆಗೆ ಹತ್ತು ಸೋಡಿಯಂ, ಹತ್ತು ಕ್ಲೋರೈಡ್ ಹಾಕಿದರೆ ಸಮುದ್ರಕ್ಕೆ ಹತ್ತಿರವಾದ ಸಾಂದ್ರತೆ ದೊರೆಯುತ್ತದೆ. ಮೆಗ್ನೀಷಿಯಂ ಸೇರಿಸಿದವರು ಕೆಲವು ನ್ಯಾನೋಸೆಕೆಂಡುಗಳ ಓಟದಲ್ಲಿ ಅದರ ಆರು ನೀರುಗಳು ಕದಲುವುದನ್ನು ನಿರೀಕ್ಷಿಸಬಾರದು.

ನಿಜವಾದ ಸಮುದ್ರದ ನೀರು ಬೇಕೆಂದರೆ ಚೆನ್ನೈಗೋ ಮಂಗಳೂರಿಗೋ ಹೋಗುವವರ ಕೈಯಲ್ಲಿ ಬಿಗಿ ಮುಚ್ಚಳದ ಗಾಜಿನ ಸೀಸೆ ಕೊಟ್ಟು ಕಳಿಸಬಹುದು. ಸೀಸೆಯನ್ನು ಅದೇ ನೀರಿನಲ್ಲಿ ತೊಳೆದು, ಒಳಗೆ ಗಾಳಿ ಉಳಿಯದಂತೆ ಉಕ್ಕುವವರೆಗೆ ತುಂಬಿ, ಬಿಸಿಲು ತಾಗದಂತೆ ತಣ್ಣಗೆ ತರಲು ಹೇಳಬೇಕು. ನದಿ, ಕಾಲುವೆ ಸೇರುವ ಜಾಗದ ನೀರು ಬೇಡ. ದೊಡ್ಡ ನದಿಗಳು ಸೇರುವ ಬಂಗಾಳ ಕೊಲ್ಲಿಯಲ್ಲಿ ಉಪ್ಪು ಅರಬ್ಬಿ ಸಮುದ್ರಕ್ಕಿಂತ ಕಡಿಮೆ ಇರುವುದರಿಂದ, ಕ್ಷಾರೀಯತೆಯನ್ನು ಹೋಲಿಸುವ ಮೊದಲು ಲವಣಾಂಶವನ್ನು ಅಳೆದು ಎರಡನ್ನೂ ಕಿಲೋಗೆ 35 ಗ್ರಾಂ ಉಪ್ಪಿನ ಲೆಕ್ಕಕ್ಕೆ ತಂದುಕೊಳ್ಳಬೇಕು. ಸೀಸೆಯೊಳಗಿನ ಸೂಕ್ಷ್ಮಜೀವಿಗಳು ಉಸಿರಾಡುತ್ತಲೇ ಇರುವುದರಿಂದ ತಂದ ದಿನವೇ ಅಳೆಯುವುದು ಒಳ್ಳೆಯದು. ಸಂಶೋಧಕರು ಇದಕ್ಕೆ ಪಾದರಸದ ಕ್ಲೋರೈಡ್ ಹಾಕುತ್ತಾರಾದರೂ ಕಾಲೇಜಿನಲ್ಲಿ ಆ ವಿಷವನ್ನು ಬಳಸಕೂಡದು.

ಕೆಲಸ ಮುಗಿದ ಮೇಲೆ ಉಳಿದ ನೀರನ್ನು ಗಿಡದ ಪಾತಿಗೋ ತೋಟದ ಕಾಲುವೆಗೋ ಚೆಲ್ಲಬಾರದು. ಕಿಲೋಗೆ 35 ಗ್ರಾಂ ಉಪ್ಪಿರುವ ನೀರು ಟೊಮೆಟೊ, ಹಿಪ್ಪುನೇರಳೆ ಎರಡಕ್ಕೂ ಹಾನಿ. ಟೈಟ್ರೇಷನ್ ಮಾಡಿದ ಆಮ್ಲೀಯ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ನೊರೆ ನಿಂತ ಮೇಲೆ, ಧಾರಾಳವಾಗಿ ನೀರು ಬೆರೆಸಿ ಪ್ರಯೋಗಶಾಲೆಯ ಸಿಂಕಿಗೆ ಬಿಡಬೇಕು. ಎಲೆಕ್ಟ್ರೋಡನ್ನು ತೊಳೆದು ಅದರ ಶೇಖರಣಾ ದ್ರಾವಣದಲ್ಲಿಯೇ ಇಡಬೇಕು, ಡಿಸ್ಟಿಲ್ಡ್ ವಾಟರಿನಲ್ಲಿ ಇಟ್ಟರೆ ಅದು ಬೇಗ ಕೆಡುತ್ತದೆ.